ಎಳವೆಯಲ್ಲಿ ಕೇಳಿದ ನಾದ

ಸಂಗೀತದಲ್ಲಿ ನಮ್ಮ ಅಭಿರುಚಿಯು ಬಹುಮಟ್ಟಿಗೆ ಎಳವೆಯಲ್ಲಿಯೇ ರೂಪುಗೊಳ್ಳುತ್ತದೆ. ಆ ವಯಸ್ಸಿನಲ್ಲಿ ಮನಸ್ಸಿಗೆ ಹಿಡಿದ ಧ್ವನಿಯೊಂದು ಮುಂದೆ ಕೇಳುವ ಧ್ವನಿಗಳಿಗೆಲ್ಲ ಅಳತೆಗೋಲಾಗಿ ನಿಲ್ಲುವುದುಂಟು. ಇದಕ್ಕೆ ನಮ್ಮ ಕನ್ನಡನಾಡಿನಲ್ಲಿಯೇ ಉತ್ತಮ ನಿದರ್ಶನವಿದೆ.

ಪಂಡಿತ ಭೀಮಸೇನ ಜೋಶಿಯವರು 1922ರಲ್ಲಿ ಗದಗಿನ ಸೀಮೆಯಲ್ಲಿ ಜನಿಸಿದರು. ತಂದೆಯವರು ಶಾಲಾ ಶಿಕ್ಷಕರು. ಬೀದಿಯಲ್ಲಿ ಭಜನೆಯೋ ವಾದ್ಯಮೇಳವೋ ಹೊರಟರೆ ಬಾಲಕನು ಅದರ ಬೆನ್ನು ಹತ್ತಿ ನಡೆದು, ದಣಿದಲ್ಲಿ ಮಲಗಿಬಿಡುತ್ತಿದ್ದನು. ಹುಡುಕಿ ಹುಡುಕಿ ಬೇಸತ್ತ ತಂದೆಯವರು ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಯಿಸಿದರಂತೆ. (ಮಾಸ್ತರರ ಮಕ್ಕಳಿಗೆ ಈ ಕಾಟ ಇಂದಿಗೂ ತಪ್ಪಿಲ್ಲ!) ಇಂತಹ ಕಿವಿಗೆ ಒಮ್ಮೆ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮರಿಯ ಗ್ರಾಮಫೋನ್ ತಟ್ಟೆ ಕೇಳಿಸಿತು. ಹಾಗೆಯೇ ಹಾಡಬೇಕೆಂಬ ಹಂಬಲ ಹುಟ್ಟಿ, 1933ರಲ್ಲಿ, 11ರ ವಯಸ್ಸಿನಲ್ಲಿ, ಗುರುವನ್ನರಸುತ್ತ ಅವನು ಮನೆ ಬಿಟ್ಟನು.

ಒಂದು ತಟ್ಟೆಗೆ ಇಷ್ಟು ಶಕ್ತಿ ಎಲ್ಲಿಂದ ಬಂದಿತು? ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಆ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷಗಳಷ್ಟೇ ಹಾಡು ಹಿಡಿಯುತ್ತಿತ್ತು. ಗಾಯಕನು ರಾಗದ ಸಾರವನ್ನೆಲ್ಲ ಅಷ್ಟರಲ್ಲಿಯೇ ಇಳಿಸಬೇಕಾಗಿತ್ತು. ತಟ್ಟೆಗಳು ವಿರಳವಾಗಿದ್ದುದರಿಂದ ಕೇಳುವವರು ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ಸ್ವರದ ಒಂದೊಂದು ಬಾಗೂ ಕಿವಿಯಲ್ಲಿ ನಾಟುತ್ತಿತ್ತು. ಇಂದು ದಿವಾ ನಿಲ್ದಾಣದಲ್ಲಿ ಲೋಕಲ್ ಗಾಡಿ ಏರುವ ನಮ್ಮ ಮಕ್ಕಳ ಕೈಯಲ್ಲಿ ಸಾವಿರಾರು ಹಾಡುಗಳಿವೆ. ಒಂದು ಮುಗಿಯುವ ಮೊದಲೇ ಇನ್ನೊಂದಕ್ಕೆ ಬೆರಳು ಹೋಗುತ್ತದೆ. ಹಾಡು ಹೆಚ್ಚಾದುದಕ್ಕೆ ನಮ್ಮ ತಕರಾರಿಲ್ಲ. ಯಾವುದೂ ಕಿವಿಯಲ್ಲಿ ನೆಲೆಗೊಳ್ಳದಿರುವುದೇ ನಮ್ಮ ಚಿಂತೆ. ಖಾನರ ಆ ಮುದ್ರಿಕೆಯನ್ನು ನಾವು ತರಗತಿಯಲ್ಲಿ ಕೇಳಿಸಿದಾಗ ಅವರ ಸಣ್ಣ, ಎತ್ತರದ ಕಂಠಕ್ಕೆ ಹುಡುಗರು ಮೊದಲು ನಕ್ಕರು. ಮೂರನೆಯ ಸಲಕ್ಕೆ ನಗು ನಿಂತಿತ್ತು.

ಭೀಮಸೇನರು ಗ್ವಾಲಿಯರ್, ಜಲಂಧರಗಳವರೆಗೆ ಅಲೆದರು. ಕೊನೆಗೆ ಗುರುವು ದೊರೆತದ್ದು ಊರಿನ ಸಮೀಪದ ಕುಂದಗೋಳದಲ್ಲಿ! 1936ರಲ್ಲಿ ಅವರನ್ನು ಶಿಷ್ಯನಾಗಿ ಸ್ವೀಕರಿಸಿದ ಸವಾಯಿ ಗಂಧರ್ವರು ಅದೇ ಅಬ್ದುಲ್ ಕರೀಮ್ ಖಾನರ ಶಿಷ್ಯರು.

ಅದೇ ಗುರುಗಳಲ್ಲಿ ಕಲಿತ ಗಂಗೂಬಾಯಿ ಹಾನಗಲ್ಲರೂ ಬಾಲ್ಯದಲ್ಲಿ ಬೀದಿಯಲ್ಲಿ ಗ್ರಾಮಫೋನ್ ಕೇಳಿಸಿದೊಡನೆ ಹೊರಗೋಡಿ ಬಂದು, ಕೇಳಿದುದನ್ನು ಹಾಡುತ್ತಿದ್ದರು. ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಅವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ಪರಿಣತರು. ಮಗಳ ಹಿಂದೂಸ್ತಾನಿ ಅಭ್ಯಾಸಕ್ಕೆ ತಮ್ಮ ಪದ್ಧತಿ ಅಡ್ಡಬರಬಾರದೆಂದು ತಮ್ಮ ಗಾಯನವನ್ನೇ ನಿಲ್ಲಿಸಿದರು. ಅಭಿರುಚಿಯೊಂದು ಬೇರೂರಲು ಮನೆಯವರು ತೆತ್ತ ಬೆಲೆಯೂ ಇದೆ.

ಎಳವೆಯ ಒಲವು ಬೇರೆ ಸಂಗೀತಕ್ಕೆ ಬೇಲಿಯಾಗಬೇಕಿಲ್ಲ. ಭೀಮಸೇನರು ಕೇಸರಬಾಯಿ ಕೇರ್ಕರ್, ಅಮೀರ್ ಖಾನ್ ಮುಂತಾದವರಿಂದಲೂ ಗ್ರಹಿಸಿದರು. ಕನ್ನಡದ ದಾಸರ ಪದಗಳನ್ನೂ ಮರಾಠಿಯ ಅಭಂಗಗಳನ್ನೂ ಮನದುಂಬಿ ಹಾಡಿದರು. ಬಾಲ್ಯದಲ್ಲಿ ಕೇಳಿದ ಆ ಠುಮರಿಯನ್ನು ಮುಂದೆ ತಾವೇ, ತಮ್ಮ ಗಂಭೀರವಾದ ಕಂಠದಲ್ಲಿ, ಹಾಡಿದರು. ಗುರುವಿನ ಗುರುವಿನದೊಂದು, ಶಿಷ್ಯರದೊಂದು, ಎರಡು ಮುದ್ರಿಕೆಗಳೂ ಈಗ ಕೇಳಲು ದೊರೆಯುತ್ತವೆ. ಖಾನರದನ್ನು ಮೊದಲು ಕೇಳುವುದು ಲೇಸು.