ಅಂಕ ಕಡಿಮೆಯಾದರೆ ಬುದ್ಧಿ ಕಡಿಮೆಯೇ?

ಪರೀಕ್ಷೆಗಳು ಸಮೀಪಿಸಿದಂತೆ ನಮ್ಮ ಚಿಕಿತ್ಸಾಲಯಕ್ಕೆ ಬರುವ ತಾಯಂದಿರ ಮಾತು ಒಂದೇ: "ಡಾಕ್ಟರೇ, ಹುಡುಗನ ತಲೆಗೆ ಓದು ಹತ್ತುವುದಿಲ್ಲ, ಏನಾದರೂ ಔಷಧ ಕೊಡಿರಿ." ಬಹುಕಾಲ ನಾವೂ ಒಂದೆಲಗ, ಸಾರಸ್ವತಾರಿಷ್ಟಗಳನ್ನು ಕೊಟ್ಟು ಕಳುಹಿಸುತ್ತಿದ್ದೆವು. ಐದನೆಯ ತರಗತಿಯ ಬಾಲಕನೊಬ್ಬನಿಗೆ ಎರಡು ವರ್ಷ ಹೀಗೆಯೇ ಕೊಟ್ಟೆವು. ಕೇಳಿದ ಕಥೆಯನ್ನು ಚಾಚೂ ತಪ್ಪದೆ ಹೇಳುತ್ತಿದ್ದ ಅವನು ಪುಸ್ತಕದ ಒಂದು ಸಾಲನ್ನು ಓದಲು ಬೆವರುತ್ತಿದ್ದನು. ಕೊನೆಗೆ ಮನೋವಿಜ್ಞಾನಿಗಳು ಪರೀಕ್ಷಿಸಿದಾಗ ತಿಳಿಯಿತು: ಬುದ್ಧಿಶಕ್ತಿಯಲ್ಲಿ ಕೊರತೆಯಿಲ್ಲ, ತೊಡಕು ಇರುವುದು ಓದಿನಲ್ಲಿ ಮಾತ್ರ. ಆ ಎರಡು ವರ್ಷ ಅವನು ಕೇಳಿದ ಬೈಗುಳಗಳಲ್ಲಿ ನಮ್ಮ ಪಾಲೂ ಇದೆ.

ಬುದ್ಧಿಮಾಪನ ಪರೀಕ್ಷೆ ಹುಟ್ಟಿದ್ದೇ ಇಂತಹ ಮಕ್ಕಳಿಗಾಗಿ. ಶಾಲೆಯಲ್ಲಿ ಹಿಂದುಳಿದವರ ಪೈಕಿ ವಿಶೇಷ ನೆರವು ಬೇಕಾದವರನ್ನು ಗುರುತಿಸಲು ಫ್ರಾನ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ 1905ರಲ್ಲಿ 30 ಪ್ರಶ್ನೆಗಳ ಮಾಪಕವನ್ನು ರಚಿಸಿದರು. 1930ರ ದಶಕದಲ್ಲಿ ವಿ. ವಿ. ಕಾಮತರು ಬಿನೆ ಮಾಪಕವನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಅಳವಡಿಸಿದರು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಅದರ ಮಾನದಂಡ ಹಳೆಯದಾದುದರಿಂದ ತಜ್ಞರು ಫಲಿತಾಂಶವನ್ನು ಎಚ್ಚರದಿಂದ ಓದುತ್ತಾರೆ.

ಬುದ್ಧಿಮಾಪನದಲ್ಲಿ ಸರಾಸರಿ ಅಂಕ 100. ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರೊಳಗೆ ಬರುತ್ತಾರೆ. ಕಲಿಕಾ ಸಾಧನೆಯ ಪರೀಕ್ಷೆ ಬೇರೆ: ಓದು, ಬರಹ, ಲೆಕ್ಕಗಳಲ್ಲಿ ಮಗು ಯಾವ ತರಗತಿಯ ಮಟ್ಟದಲ್ಲಿದೆ ಎಂಬುದನ್ನು ಅದು ತಿಳಿಸುತ್ತದೆ. ಬುದ್ಧಿ ಸರಿಯಿದ್ದೂ ಸಾಧನೆ ಬಹಳ ಹಿಂದುಳಿದಿದ್ದರೆ ಕಲಿಕಾ ನ್ಯೂನತೆಯನ್ನು ಶಂಕಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಗುರುತಿಸಿದೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂತಹ ಸೌಲಭ್ಯ ಕೋರಬಹುದು.

ಆಯುರ್ವೇದವು ಧೀ, ಧೃತಿ, ಸ್ಮೃತಿಗಳನ್ನು ಬೇರೆಬೇರೆಯಾಗಿಯೇ ಹೇಳಿದೆ. ಮೂರನ್ನೂ ಒಂದೇ ಅಂಕಪಟ್ಟಿಯಲ್ಲಿ ಅಳೆಯುವುದು ಸಲ್ಲದು. ಅಕ್ಷರ ಕಲಿಸುವ ಕೆಲಸವನ್ನು ಯಾವ ಘೃತವೂ, ಲೇಹ್ಯವೂ ಮಾಡಲಾರದು. ಅದಕ್ಕೆ ತಾಳ್ಮೆಯ ಗುರುವೇ ಬೇಕು.

ಪಾಲಕರಲ್ಲಿ, ಪ್ರಸಾದನಿಲಯದ ಮೇಲ್ವಿಚಾರಕರಲ್ಲಿ ನಮ್ಮ ವಿನಂತಿ ಇಷ್ಟು:

• ಮೊದಲು ಕಣ್ಣು, ಕಿವಿ, ರಕ್ತಹೀನತೆ, ಥೈರಾಯ್ಡ್, ನಿದ್ರೆಗಳನ್ನು ಪರೀಕ್ಷಿಸಿರಿ.
• ಬುದ್ಧಿಮಾಪನವನ್ನು ಅರ್ಹ ಮನೋವಿಜ್ಞಾನಿಗಳಿಂದ, ಮಗುವಿಗೆ ಚೆನ್ನಾಗಿ ತಿಳಿಯುವ ಭಾಷೆಯಲ್ಲಿಯೇ ಮಾಡಿಸಿರಿ.
• ಮಗು ಆ ದಿನ ಉಂಡು, ಚೆನ್ನಾಗಿ ನಿದ್ರಿಸಿ ಬಂದಿರಲಿ.
• ಬಂದ ಅಂಕವನ್ನು ನೆಂಟರಿಷ್ಟರ ಮುಂದೆ ಹೇಳದಿರಿ, ಒಡಹುಟ್ಟಿದವರೊಂದಿಗೆ ಹೋಲಿಸದಿರಿ.

ಆ ಅಂಕ ಮಗುವಿಗೆ ಬೇಕಾದ ನೆರವನ್ನು ಸೂಚಿಸುತ್ತದೆ, ಅದರ ಯೋಗ್ಯತೆಯನ್ನಲ್ಲ. ಓದಲಾಗದ ಮಗುವನ್ನು ದಡ್ಡನೆನ್ನುವ ಮೊದಲು ಒಮ್ಮೆ ಪರೀಕ್ಷಿಸೋಣ. ನಾವು ಕಳೆದ ಎರಡು ವರ್ಷಗಳನ್ನು ನೀವು ಕಳೆಯದಿರಿ.