ಗಾಜಿಲ್ಲದ ಗಾಜು

ಕ್ರಿಸ್ಮಸ್ ಗೋದಲಿ ಕಟ್ಟುವ ಮನೆಗಳಲ್ಲಿ ಕೆರೆಗೆಂದು ಒಂದು ಕನ್ನಡಿ ಚೂರು ಇಡುವುದುಂಟು. ಸುತ್ತ ಮರಳು, ಒಂದಿಷ್ಟು ಹುಲ್ಲು, ಎರಡು ಬಾತುಕೋಳಿ. ದೂರದಿಂದ ಚೆಂದವೇ. ಬಗ್ಗಿ ನೋಡಿದರೆ ಮಾತ್ರ ಕೆರೆಯೊಳಗೆ ಮನೆಯ ಟ್ಯೂಬ್‌ಲೈಟೂ ನಮ್ಮದೇ ಮೂಗೂ ಕಾಣುತ್ತವೆ! ಅಷ್ಟು ಚಿಕ್ಕ ಲೋಕದಲ್ಲಿ ನಿಜವಾದ ಗಾಜು ನಿಜವೆನಿಸುವುದಿಲ್ಲ. ಇದು ನಮಗೆ ಸರಿಯಾಗಿ ತಿಳಿದದ್ದು ಗೋದಲಿಯಿಂದಲ್ಲ, ಒಂದು ಪುಟಾಣಿ ಅಂತರಿಕ್ಷ ನೌಕೆಯಿಂದ.

1977ರಲ್ಲಿ ತೆರೆಕಂಡ 'ಸ್ಟಾರ್ ವಾರ್ಸ್' ಚಿತ್ರವನ್ನು ನಿಮ್ಮ ಮಕ್ಕಳು ನೋಡಿರಬಹುದು. ಅದರಲ್ಲಿ ಎಕ್ಸ್-ವಿಂಗ್ ಎಂಬ ನೌಕೆ ಬರುತ್ತದೆ. ಅದರ ಚಿಕ್ಕ ಮಾದರಿಯನ್ನು ಮೇಜಿನ ಮೇಲೆ ಆಡುವ ಆಟವೊಂದಕ್ಕಾಗಿ ಅಮೆರಿಕದ ಫ್ಯಾಂಟಸಿ ಫ್ಲೈಟ್ ಗೇಮ್ಸ್ ಸಂಸ್ಥೆ 2012ರಲ್ಲಿ ಹೊರತಂದಿತು. ಅಳತೆ 270ರಲ್ಲಿ ಒಂದು ಪಾಲು. ಕಥೆಯಲ್ಲಿ ಸುಮಾರು 12.5 ಮೀಟರ್ ಉದ್ದದ ನೌಕೆ ಇಲ್ಲಿ 5 ಸೆಂಟಿಮೀಟರೂ ಇಲ್ಲ. ಚಾಲಕನ ತಲೆಯ ಮೇಲಿನ ಗಾಜಿನ ಗೂಡು ಹೆಚ್ಚೆಂದರೆ ಭತ್ತದ ಕಾಳಿನಷ್ಟು. ಅದೂ ಗಾಜಲ್ಲ, ನೌಕೆಯ ಮೈಗೇ ಅಂಟಿಕೊಂಡು ಬಂದ ಗಟ್ಟಿ ಪ್ಲಾಸ್ಟಿಕ್. ಈ ಮಾದರಿಗಳು ಬಣ್ಣ ಹಚ್ಚಿಯೇ ಮಾರಾಟಕ್ಕೆ ಬಂದವು. ಆದರೂ ಹವ್ಯಾಸಿಗಳು ಆ ಗೂಡಿಗೆ ಮತ್ತೆ ಬಣ್ಣ ಹಚ್ಚಲು ಗಂಟೆಗಟ್ಟಲೆ ಕೂರುತ್ತಾರೆ.

ನಮ್ಮ ಮನೆಗೆ ಅಂಥದೊಂದು ಬಂದದ್ದು ಮಗ ಉಳಿಸಿಟ್ಟ ಹಣದಿಂದ. ಗಾಜೆಂದರೆ ನೀಲಿ, ಮಿಂಚಬೇಕು, ಅಷ್ಟೇ ತಾನೇ ಎಂದುಕೊಂಡು ನಾವು ಗೂಡಿಗೆ ತಿಳಿನೀಲಿ ಬಳಿದು ಮೇಲೆ ದಪ್ಪಗೆ ವಾರ್ನಿಷ್ ಎಳೆದೆವು. ಅವನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. "ಅಪ್ಪಾ, ಇದಕ್ಕೆ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗಿದೆ. ಒಳಗೆ ಯಾರೂ ಇಲ್ಲ," ಅಂದ. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಎಲ್ಲಿ ತಪ್ಪಿದೆವು? ಗಾಜಿಗೆ ತನ್ನದೆಂಬ ಬಣ್ಣವೇ ಇಲ್ಲ. ಕಣ್ಣಿಗೆ ಕಾಣುವುದು ಅದರ ಹಿಂದಿನ ಕತ್ತಲೆ, ಮತ್ತು ಅದರ ಮೇಲೆ ಬಿದ್ದು ಹಿಂತಿರುಗುವ ಬೆಳಕು. ಬಣ್ಣದಲ್ಲಿ ಬರೆಯಬೇಕಾದದ್ದು ಆ ಎರಡನ್ನೇ. ಇದನ್ನು ಹಳೆಯ ಕಲಾವಿದರು ಚೆನ್ನಾಗಿ ಬಲ್ಲರು. ಹಾಲೆಂಡಿನ ವರ್ಮೀರ್ ಸುಮಾರು 1665ರಲ್ಲಿ ಬರೆದ 'ಮುತ್ತಿನ ಓಲೆಯ ಹುಡುಗಿ' ಚಿತ್ರ ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿದೆ. ಎಲ್ಲಿಯಾದರೂ ಅದರ ಅಚ್ಚು ಸಿಕ್ಕರೆ ಮುತ್ತನ್ನಷ್ಟೇ ದಿಟ್ಟಿಸಿ. ಅಲ್ಲಿ ಮುತ್ತಿನ ಅಂಚಿನ ಗೆರೆಯಿಲ್ಲ, ಕಿವಿಗೆ ಸಿಕ್ಕಿಸುವ ಕೊಕ್ಕೆಯೂ ಇಲ್ಲ. ಮೇಲೆ ಎಡಗಡೆ ಒಂದು ಬಿಳಿಯ ಹೊಳಪು. ಕೆಳಗೆ ಅವಳ ಬಿಳಿ ಕಾಲರಿನ ಮಂದ ಪ್ರತಿಬಿಂಬ. ನಡುವೆ ನೆರಳು. ಉಳಿದದ್ದನ್ನೆಲ್ಲ ನಮ್ಮ ಕಣ್ಣೇ ತುಂಬಿಕೊಳ್ಳುತ್ತದೆ.

ನೌಕೆಯ ಗೂಡಿಗೂ ಇದೇ ಉಪಾಯ. ಮೊದಲು ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ತೀರ್ಮಾನಿಸಿ, ಅದನ್ನು ಕೊನೆಯವರೆಗೂ ಬದಲಿಸಬಾರದು. ಬೆಲ್ಜಿಯಮಿನ ಘೆಂಟ್ ನಗರದಲ್ಲಿ ಯಾನ್ ವ್ಯಾನ್ ಐಕ್ 1432ರಲ್ಲಿ ಮುಗಿಸಿದ ಪ್ರಸಿದ್ಧ ಪೀಠಚಿತ್ರದಲ್ಲಿ ಬೆಳಕು ಬಲಗಡೆಯಿಂದ ಬೀಳುತ್ತದೆ. ಆ ಚಿತ್ರವನ್ನಿಡಲೆಂದು ಗೊತ್ತುಮಾಡಿದ್ದ ಚಾಪೆಲಿನ ಕಿಟಕಿಯೂ ಬಲಗಡೆಗೇ ಇತ್ತು. ಅಷ್ಟು ಲೆಕ್ಕ ಅವರದು!

ನಮ್ಮ ಲೆಕ್ಕ ಸಣ್ಣದು: ಬೆಳಕು ಮೇಲಿನಿಂದ. ಗೂಡಿಗೆಲ್ಲ ಕಪ್ಪು ಬೆರೆಸಿದ ಕಡುನೀಲಿ ಬಳಿಯಬೇಕು. ಒಣಗಿದ ಮೇಲೆ ಕೊಂಚ ತಿಳಿಯಾದ ನೀಲಿಯನ್ನು ನೀರು ಬೆರೆಸಿ ಹಾಲಿನಷ್ಟು ತೆಳ್ಳಗೆ ಮಾಡಿ, ಪ್ರತಿ ಗಾಜಿನ ಕೆಳಗಿನ ಮುಕ್ಕಾಲು ಭಾಗಕ್ಕೆ ಹಚ್ಚಬೇಕು. ಮುಂದಿನದು ಇನ್ನೂ ತಿಳಿ, ಅರ್ಧಕ್ಕೆ. ಹೀಗೆ ನಾಲ್ಕೈದು ಪದರ. ಕೊನೆಯದು ಬುಡದಲ್ಲಿ ಕೂದಲೆಳೆಯಷ್ಟು, ಹೆಚ್ಚುಕಡಿಮೆ ಬಿಳಿ. ಕುಂಚವನ್ನು ಪ್ರತಿ ಸಲ ಬಟ್ಟೆಗೆ ಒತ್ತಿಕೊಳ್ಳದಿದ್ದರೆ ಬಣ್ಣ ಅಂಚಿನಲ್ಲಿ ಕಟ್ಟಿಕೊಂಡು ಕಲೆಯಾಗುತ್ತದೆ. ನಮಗೆ ಎರಡು ಸಲ ಆಯಿತು. ಗಾಜುಗಳ ನಡುವಿನ ಪಟ್ಟಿಗಳಿಗೆ ಕೊನೆಗೆ ನೌಕೆಯ ಮೈಬಣ್ಣ.

ಬೆಳಕು ಮೇಲಿನಿಂದ ಬಂದರೆ ಮೇಲ್ಭಾಗವೇ ಕಪ್ಪೇಕೆ, ಕೆಳಭಾಗ ತಿಳಿಯೇಕೆ ಎಂದು ಮಗನೇ ಕೇಳಿದ. ಉಂಗುರದ ಹರಳನ್ನು ಬಿಸಿಲಿಗೆ ಹಿಡಿದು ನೋಡಿ: ಬೆಳಕು ಒಂದು ಕಡೆ ಒಳಹೊಕ್ಕು ಎದುರುಗಡೆ ಬೆಳಗುತ್ತದೆ. ಆದರೆ ಗೂಡು ಹರಳಲ್ಲವಲ್ಲ, ಟೊಳ್ಳು ಗಾಜು ಎಂದು ಅವನು ಬಿಡಲಿಲ್ಲ. ಆಗ ನೆರವಿಗೆ ಬಂದದ್ದು 1969ರ ಜುಲೈನಲ್ಲಿ ಚಂದ್ರನ ಮೇಲೆ ನೀಲ್ ಆರ್ಮ್‌ಸ್ಟ್ರಾಂಗ್ ತೆಗೆದ ಬಜ್ ಆಲ್ಡ್ರಿನ್‌ರ ಫೋಟೋ. ಅವರ ಮುಖದ ಮುಂದೆ ಚಿನ್ನದ ತೆಳುಲೇಪವಿದ್ದ ಮುಚ್ಚಳ. ಅದರಲ್ಲಿ ಮೇಲೆ ಕಪ್ಪು ಆಕಾಶ, ಕೆಳಗೆ ಬಿಸಿಲು ಬಿದ್ದ ಚಂದ್ರನ ನೆಲ, ನಡುವೆ ಚಿಕ್ಕದಾಗಿ ಫೋಟೋ ತೆಗೆಯುತ್ತಿದ್ದ ಆರ್ಮ್‌ಸ್ಟ್ರಾಂಗ್! ಗಾಳಿಯಿಲ್ಲದ ಕಡೆ ಆಕಾಶ ಕಪ್ಪೇ. ಮೇಲೆ ಕಪ್ಪು, ಕೆಳಗೆ ತಿಳಿ. ನೀಲಿಯೊಂದು ಮಾತ್ರ ಭೂಮಿಯವರಾದ ನಮ್ಮ ಅಭ್ಯಾಸ. ಅದನ್ನು ಬಿಡಲು ಮನಸ್ಸಾಗಲಿಲ್ಲ.

ವಾರ್ನಿಷ್ ಬೇಕೋ ಬೇಡವೋ? ಹೊಳಪು ವಾರ್ನಿಷ್ ಬೇಕೇ ಬೇಕು ಎನ್ನುವವರಿದ್ದಾರೆ. ನಮಗೆ ಅನುಮಾನ. ಅದು ಕನ್ನಡಿ ಚೂರಿನಂತೆ ಕೋಣೆಯ ದೀಪವನ್ನೇ ತೋರಿಸಿ, ಕಷ್ಟಪಟ್ಟು ಬರೆದ ಬೆಳಕಿನೊಂದಿಗೆ ಜಗಳ ಕಾಯುತ್ತದೆ. ತೀರಾ ತೆಳುವಾಗಿ ಒಂದೇ ಸಲ, ಗಾಜಿಗೆ ಮಾತ್ರ, ಸಾಕು.

ಎಲ್ಲಕ್ಕಿಂತ ಕೊನೆಗೆ, ಮೇಲಿನ ಕಪ್ಪು ಮೂಲೆಯಲ್ಲಿ ಅಪ್ಪಟ ಬಿಳಿಯ ಒಂದೇ ಚುಕ್ಕೆ. ಆ ಚುಕ್ಕೆ ಇಡುವವರೆಗೆ ಅದು ಬಣ್ಣ ಬಳಿದ ಪ್ಲಾಸ್ಟಿಕ್ಕೇ. ಈ ಸಲ ಚುಕ್ಕೆ ಇಟ್ಟವನು ಮಗ, ಉಸಿರು ಬಿಗಿಹಿಡಿದು. ಸ್ವಲ್ಪ ದೊಡ್ಡದಾಯಿತು. ಒಣಗುವ ಮುನ್ನ ಒದ್ದೆ ಕುಂಚದಿಂದ ಒರೆಸಿದರೆ ಬಿಟ್ಟುಹೋಗುತ್ತದೆ. ಒಣಗಿದರೆ ಆ ಮೂಲೆಗೆ ಮತ್ತೆ ಕಡುನೀಲಿ. ಅವನು ಒರೆಸಿ ಮತ್ತೊಂದು ಇಟ್ಟ, ನೌಕೆಯನ್ನು ಕಿಟಕಿಯ ಹತ್ತಿರ ಒಯ್ದು ಬಹಳ ಹೊತ್ತು ನೋಡಿದ. "ಈಗ ಯಾರೋ ಇದ್ದಾರೆ," ಎಂದ.