ಹಳದಿ ಮೈ, ಬಿಳಿ ಮಲ

ಹುಟ್ಟಿದ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚಿನವರ ಮೈ ಮೊದಲ ವಾರದಲ್ಲಿ ಹಳದಿಗಟ್ಟುತ್ತದೆ, ಬಹುತೇಕ ತಾನಾಗಿಯೇ ತಿಳಿಯಾಗುತ್ತದೆ. ಎಲ್ಲ ಮಕ್ಕಳಿಗೂ ಬಂದುಹೋಗುವುದು ತಾನೇ ಎಂಬ ಈ ನೆಮ್ಮದಿಯೇ ಕೆಲವು ಮಕ್ಕಳಿಗೆ ಮುಳುವಾಗುತ್ತದೆ. ಅದಕ್ಕೇ ಬಾಣಂತನದ ಮನೆಗಳಲ್ಲಿ ಕೇಳಿಬರುವ ಕೆಲವು ಮಾತುಗಳನ್ನು ಒಂದೊಂದಾಗಿ ನೋಡಬೇಕು.

“ಎಳೆಬಿಸಿಲು ಕಾಯಿಸಿ, ಕಾಮಾಲೆ ಇಳಿಯುತ್ತೆ”

ಇದರಲ್ಲಿ ಸ್ವಲ್ಪ ನಿಜವಿದೆ. 1950ರ ದಶಕದಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ಆಸ್ಪತ್ರೆಯೊಂದರಲ್ಲಿ ಜೀನ್ ವಾರ್ಡ್ ಎಂಬ ನರ್ಸ್, ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಬಿಸಿಲು ಬಿದ್ದ ಕಡೆ ಮಾತ್ರ ಹಳದಿ ಮಾಸಿದ್ದನ್ನು ಅವರು ವೈದ್ಯರಿಗೆ ತೋರಿಸಿದರು. ಇಂದಿನ ನೀಲಿಬೆಳಕಿನ ಫೋಟೋಥೆರಪಿಗೆ ಅದೇ ಮೂಲ. ಆದರೆ ಬಿಸಿಲಿಗೆ ಅಳತೆಯಿಲ್ಲ. ಹಳದಿಗೆ ಕಾರಣವಾದ ಬಿಲಿರುಬಿನ್ ಎಂಬ ವಸ್ತು ರಕ್ತದಲ್ಲಿ ಮಿತಿಮೀರಿದರೆ ಮೆದುಳಿಗೇ ಪೆಟ್ಟು ಬೀಳುತ್ತದೆ. ಹಾಗಾಗಿ ಹುಟ್ಟಿದ 24 ಗಂಟೆಯೊಳಗೆ ಹಳದಿಯಾದ ಅಥವಾ ಅಂಗಾಲಿನವರೆಗೂ ಹಳದಿಯಾದ ಮಗುವನ್ನು ಬಿಸಿಲಲ್ಲಿ ಹಿಡಿದು ಕೂರುವಂತಿಲ್ಲ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ: ಲಿವರ್ ಸಂಸ್ಕರಿಸಿದ ಮೇಲೂ ಹೊರಹೋಗಲಾರದೆ ರಕ್ತದಲ್ಲಿ ಉಳಿಯುವ ‘ಡೈರೆಕ್ಟ್ ಬಿಲಿರುಬಿನ್’ ಹೆಚ್ಚಿದ್ದರೆ ಯಾವ ಬೆಳಕೂ ಮದ್ದಲ್ಲ.

“ಹಾಲು ಚೆನ್ನಾಗಿ ಕುಡೀತಿದೆ, ತೂಕಾನೂ ಏರ್ತಿದೆ, ಇನ್ನೇನು ಚಿಂತೆ?”

ಬಿಲಿಯರಿ ಅಟ್ರೀಸಿಯಾ ಎಂಬ ಕಾಯಿಲೆಯಲ್ಲಿ ಮಗು ಮೊದಲ ವಾರಗಳಲ್ಲಿ ಹೀಗೇ ಇರುತ್ತದೆ, ಆಡಿಕೊಂಡು, ಹಾಲು ಕುಡಿದುಕೊಂಡು. ಒಳಗೆ ಪಿತ್ತನಾಳಗಳು ಮುಚ್ಚಿಹೋಗಿ, ಕರುಳಿಗೆ ಇಳಿಯಬೇಕಾದ ಪಿತ್ತ ಲಿವರ್‌ನಲ್ಲೇ ನಿಂತು ಅದನ್ನು ಕೆಡಿಸುತ್ತಿರುತ್ತದೆ. ಇದನ್ನು ಮೊದಲು ಹೇಳುವುದು ಮಗುವಿನ ಬಟ್ಟೆ. ಮಲಕ್ಕೆ ಬಣ್ಣ ಕೊಡುವುದೇ ಪಿತ್ತ. ಅದು ಇಳಿಯದಿದ್ದರೆ ಮಲ ಬಿಳಿಚಿಕೊಂಡು ಸುಣ್ಣದ ಅಥವಾ ಜೇಡಿಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಎಳೆಕೂಸಿನ ಮೂತ್ರಕ್ಕೆ ಬಣ್ಣವಿರಬಾರದು. ಇಲ್ಲಿ ಅದು ಬಟ್ಟೆಗೆ ಹಳದಿ ಕಲೆ ಹಿಡಿಸುತ್ತದೆ. ಮಂದಬೆಳಕಿನ ಬಾಣಂತಿ ಕೋಣೆಯಲ್ಲಿ ಇವೆರಡೂ ಕಣ್ಣಿಗೆ ಬೀಳುವುದಿಲ್ಲ. ಬಟ್ಟೆಯನ್ನು ಕಿಟಕಿಯ ಬಳಿ ತಂದು ನೋಡಬೇಕು.

1955ರಲ್ಲಿ ಜಪಾನಿನ ತೊಹೋಕು ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಕ ಮೊರಿಯೊ ಕಾಸೈ, ಮುಚ್ಚಿದ ನಾಳಗಳನ್ನು ತೆಗೆದು ಕರುಳಿನ ತುಂಡೊಂದನ್ನು ನೇರವಾಗಿ ಲಿವರ್‌ನ ಬುಡಕ್ಕೆ ಹೊಲಿದರು. ಇಂದಿಗೂ ಅದೇ ಮೊದಲ ಚಿಕಿತ್ಸೆ. ಮಗುವಿಗೆ 60 ದಿನ ತುಂಬುವುದರೊಳಗೆ ಅದು ಆದರೆ ಪಿತ್ತ ಹರಿಯುವ ಸಾಧ್ಯತೆ ಹೆಚ್ಚು. ಆಮೇಲೆ ವಾರ ಕಳೆದಂತೆ ಲಿವರ್ ಗಟ್ಟಿಯಾಗುತ್ತ ಹೋಗುತ್ತದೆ. ‘ಮೂರು ತಿಂಗಳಿಗೆ ತಾನೇ ಹೋಗುತ್ತೆ’ ಎಂಬ ಹಿರಿಯರ ಮಾತು ನುಂಗುವುದು ಈ ದಿನಗಳನ್ನೇ.

ಹಾಗಾಗಿ ಲೆಕ್ಕ ಸರಳ. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ 14 ದಿನ, ಮುಂಚೆ ಹುಟ್ಟಿದ ಮಗುವಿನಲ್ಲಿ 21 ದಿನ ದಾಟಿಯೂ ಹಳದಿ ಉಳಿದಿದ್ದರೆ ಟೋಟಲ್ ಮತ್ತು ಡೈರೆಕ್ಟ್ ಬಿಲಿರುಬಿನ್ ಎರಡನ್ನೂ ಅಳೆಯಿಸಬೇಕು. ಟೋಟಲ್ ಒಂದೇ ಸಾಲದು. ಮಲ ಬಿಳಿಚಿದ್ದರೆ 14 ದಿನವೂ ಕಾಯಬಾರದು. ಆಶಾ ಕಾರ್ಯಕರ್ತೆಯರ ಮನೆಭೇಟಿ 3, 7, 14, 21, 28, 42ನೇ ದಿನಗಳಲ್ಲಿ ಇರುತ್ತದೆ. 14ನೇ ದಿನ ಅವರು ಬಂದಾಗ ಮಗುವಿನ ಕಣ್ಣನ್ನೂ ಬಟ್ಟೆಯನ್ನೂ ತೋರಿಸಿ. ತೈವಾನ್ 2004ರಿಂದ ಮಲದ ಬಣ್ಣಗಳ ಚಿತ್ರವಿರುವ ಕಾರ್ಡನ್ನು ಪ್ರತಿ ತಾಯಿಯ ಕೈಗೂ ಕೊಟ್ಟಿತು. ಅಷ್ಟರಿಂದಲೇ ಅಲ್ಲಿ 60 ದಿನದೊಳಗೆ ಆಪರೇಷನ್ ಆಗುವ ಮಕ್ಕಳು ಹೆಚ್ಚಾದರು.

“ಸ್ಕ್ಯಾನಿಂಗ್ ನಾರ್ಮಲ್ ಬಂದಿದೆ”

ಹೊಟ್ಟೆಯ ಸ್ಕ್ಯಾನ್ ಸರಿಯಾಗಿದ್ದರೂ ಬಿಲಿಯರಿ ಅಟ್ರೀಸಿಯಾ ಇರಬಹುದು. ಮಗು ಹಾಲು ಕುಡಿದ ಕೂಡಲೇ ಸ್ಕ್ಯಾನ್ ಮಾಡಿದರೆ ಪಿತ್ತಕೋಶ ಕುಗ್ಗಿರುವುದರಿಂದ ತೀರ್ಮಾನ ಇನ್ನೂ ಕಷ್ಟ. ಬಹಳಷ್ಟು ಸಲ ಸೂಜಿಯಿಂದ ಲಿವರ್‌ನ ಎಳೆ ತೆಗೆದು ಬಯಾಪ್ಸಿ ಮಾಡಬೇಕಾಗುತ್ತದೆ. ಅದಕ್ಕೆ ಹೆದರಿ ಊರಿಗೆ ವಾಪಸಾಗುವ ತಂದೆತಾಯಂದಿರ ಸಂಕಟ ಅರ್ಥವಾಗುತ್ತದೆ. ಆದರೂ ಅನುಭವಿಗಳ ಕೈಯಲ್ಲಿ ಆ ಸೂಜಿಯ ಅಪಾಯ ಕಡಿಮೆ, ಕಳೆದುಹೋಗುವ ಎರಡು ವಾರದ ಅಪಾಯ ದೊಡ್ಡದು.

“ತಾಯಿ ಹಾಲಿನಿಂದಲೇ ಕಾಮಾಲೆ, ಹಾಲು ನಿಲ್ಲಿಸಿ”

ಎದೆಹಾಲಿನ ಕಾಮಾಲೆ ಎಂಬುದು ಇದೆ, ಎರಡು ಮೂರು ತಿಂಗಳು ಉಳಿಯಲೂಬಹುದು. ಅದರಲ್ಲಿ ಡೈರೆಕ್ಟ್ ಬಿಲಿರುಬಿನ್ ಏರುವುದಿಲ್ಲ, ಮಲ ಬಿಳಿಚುವುದಿಲ್ಲ. ಹಾಲು ನಿಲ್ಲಿಸಬೇಕಾಗಿಲ್ಲ.

“ಲಿವರ್ ಬದಲಾಯಿಸಿದರೆ ಕೊಟ್ಟವರೂ ಹೋಗ್ತಾರೆ, ಮಗುವೂ ಉಳಿಯಲ್ಲ”

ಕಾಸೈ ಆಪರೇಷನ್ ಆದ ಮಕ್ಕಳಲ್ಲೂ ಅನೇಕರಿಗೆ ಮುಂದೆ ಲಿವರ್ ಕಸಿ ಬೇಕಾಗುತ್ತದೆ. ಎಳೆಮಗುವಿಗೆ ತಂದೆ ಅಥವಾ ತಾಯಿಯ ಲಿವರ್‌ನ ಎಡಭಾಗದ ಸಣ್ಣ ಪಾಲು ಸಾಕು. ಕೊಟ್ಟವರಲ್ಲಿ ಉಳಿದ ಭಾಗ ಕೆಲವೇ ತಿಂಗಳಲ್ಲಿ ಬೆಳೆದುಕೊಳ್ಳುತ್ತದೆ. ಎರಡೂ ದೊಡ್ಡ ಆಪರೇಷನ್‌ಗಳೇ, ಅಪಾಯವೇ ಇಲ್ಲವೆಂದಲ್ಲ. ಆದರೆ 1998ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ಭಾರತದ ಮೊದಲ ಯಶಸ್ವಿ ಮಕ್ಕಳ ಲಿವರ್ ಕಸಿ ನಡೆದಾಗ ಲಿವರ್ ಕೊಟ್ಟವರು ತಂದೆ, ಮಗುವಿಗಿದ್ದದ್ದು ಬಿಲಿಯರಿ ಅಟ್ರೀಸಿಯಾ. ಆ ಮಗು ಬೆಳೆದು ವೈದ್ಯನಾದ.

“ಕಾಮಾಲೆಗೆ ನಾಟಿ ಔಷಧಿಯೇ ಸರಿ”

ಶಾಲೆಗೆ ಹೋಗುವ ಮಕ್ಕಳಿಗೆ ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಸಾಮಾನ್ಯ. ಬಹುಪಾಲು ಕೆಲವು ವಾರಗಳಲ್ಲಿ ತಾನಾಗಿ ವಾಸಿಯಾಗುವುದರಿಂದ ಬೇರಿಗೂ ಬರೆಗೂ ಹೆಸರು ಬಂತು. ಪಥ್ಯವೆಂದು ಎಣ್ಣೆ, ಬೇಳೆ ಬಿಡಿಸಿ ಮಗುವನ್ನು ಸೊರಗಿಸಬೇಡಿ. ಮಂಕು, ಅಸಂಬದ್ಧ ಮಾತು, ಎಲ್ಲಿಂದಲಾದರೂ ರಕ್ತ ಕಂಡರೆ ಅದೇ ಗಳಿಗೆ ದೊಡ್ಡಾಸ್ಪತ್ರೆಗೆ ಹೊರಡಿ.

“ಲಿವರ್ ಕೆಡುವುದು ಕುಡಿಯುವವರಿಗೆ”

ಮಕ್ಕಳ ಲಿವರ್ ಕಾಯಿಲೆಗೂ ಕುಡಿತಕ್ಕೂ ಸಂಬಂಧವೇ ಇಲ್ಲ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಇಟ್ಟ ಹಾಲಿನಿಂದ ತಾಮ್ರ ಸೇರಿ ಕೂಸುಗಳ ಲಿವರ್ ಕೆಡುತ್ತಿದೆಯೆಂದು 1980ರ ದಶಕದಲ್ಲಿ ಪುಣೆಯ ಅಧ್ಯಯನಗಳು ತೋರಿಸಿದವು. ಆ ಪಾತ್ರೆಗಳು ಹೋದಂತೆ ಕಾಯಿಲೆಯೂ ಹೆಚ್ಚುಕಡಿಮೆ ಮರೆಯಾಯಿತು. ತಾಮ್ರದ ಪಾತ್ರೆ ಮತ್ತೆ ಫ್ಯಾಷನ್ ಆಗಿರುವ ಈಗ ಎಳೆಮಕ್ಕಳ ಹಾಲನ್ನು ಅದರಿಂದ ದೂರವಿಡಿ.

ತಾಮ್ರದಿಂದಲೇ ಲಿವರ್ ಕೆಡುವ ಇನ್ನೊಂದು ಕಾಯಿಲೆಯಾದ ವಿಲ್ಸನ್ ಕಾಯಿಲೆಯಲ್ಲಿ ತಾಮ್ರವನ್ನು ಹೊರಹಾಕುವ ಶಕ್ತಿಯೇ ಹುಟ್ಟಿನಿಂದ ಇರುವುದಿಲ್ಲ. ಸೋದರ ಸಂಬಂಧದ ಮದುವೆಗಳಿರುವ ಮನೆತನಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಸಾಮಾನ್ಯವಾಗಿ 5 ವರ್ಷ ದಾಟಿದ ಮೇಲೆ ಮತ್ತೆ ಮತ್ತೆ ಕಾಮಾಲೆ, ಹೊಟ್ಟೆ ಊತ, ಕೈಬರಹ ಕೆಡುವುದು, ಮಾತು ತೊದಲುವುದಾಗಿ ತೋರಿಕೊಳ್ಳುತ್ತದೆ. ಬೇಗ ಗುರುತಿಸಿದರೆ ಪೆನಿಸಿಲಮೈನ್, ಜಿಂಕ್‌ನಂಥ ಔಷಧಿಗಳಿಂದ ಹತೋಟಿಯಲ್ಲಿಡಬಹುದು, ಆದರೆ ಜೀವನಪೂರ್ತಿ ನಿಲ್ಲಿಸುವಂತಿಲ್ಲ. ಮನೆಯಲ್ಲಿ ಒಂದು ಮಗುವಿಗೆ ಇದೆಯೆಂದು ತಿಳಿದರೆ ಅದರ ಒಡಹುಟ್ಟಿದವರು ಎಷ್ಟೇ ಗಟ್ಟಿಮುಟ್ಟಾಗಿ ಕಂಡರೂ ಅವರನ್ನೂ ಪರೀಕ್ಷೆ ಮಾಡಿಸಬೇಕು.